ಆನ್‌ಫೀಲ್ಡ್ ಟೂರ್ ವಿಮರ್ಶೆ: ಲಿವರ್‌ಪೂಲ್ ಕ್ಲಬ್ ಹುಟ್ಟಿದ ಕಥೆ ಟಿಕೆಟ್ಟಿನ ಒಳಗೆಷ್ಟು, ಹೊರಗೆಷ್ಟು

ಇಂಗ್ಲೆಂಡಿಗೆ ಹೋಗುವ ಫುಟ್‌ಬಾಲ್ ಅಭಿಮಾನಿಗಳಲ್ಲಿ ಬಹಳ ಮಂದಿ ಒಂದು ದಿನವನ್ನು ಲಿವರ್‌ಪೂಲ್‌ಗೆಂದೇ ಇಟ್ಟುಕೊಳ್ಳುತ್ತಾರೆ. ಆನ್‌ಫೀಲ್ಡ್ ಕ್ರೀಡಾಂಗಣದ ಟೂರ್ ಆ ದಿನದ ಮುಖ್ಯ ಖರ್ಚು. ಅದನ್ನು ಇಲ್ಲಿ ನೋಡುತ್ತಿರುವುದು ಒಂದೇ ಪ್ರಶ್ನೆಯಿಂದ: ಈ ಕ್ಲಬ್ ಹೇಗೆ ಹುಟ್ಟಿತು, ಮೊದಲ ಹದಿನೈದು ವರ್ಷ ಹೇಗೆ ಬದುಕಿತು ಎಂಬುದು ಟೂರ್ ಮುಗಿಸಿ ಹೊರಬಂದವರಿಗೆ ಗೊತ್ತಾಗುತ್ತದೆಯೇ? ಕ್ರೀಡಾಂಗಣ ನೋಡಿದ ಖುಷಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡಬಹುದು. ಆರಂಭದ ಇತಿಹಾಸಕ್ಕೆ ಎರಡೂವರೆಗಿಂತ ಹೆಚ್ಚು ಕೊಡಲಾಗದು. ಉಳಿದ ಅಂಕಗಳು ಕ್ರೀಡಾಂಗಣದ ಸುತ್ತಲಿನ ಬೀದಿಗಳಲ್ಲಿವೆ. ಅವಕ್ಕೆ ಟಿಕೆಟ್ ಬೇಕಿಲ್ಲ, ಆದರೆ ಏನು ನೋಡುತ್ತಿದ್ದೇವೆಂದು ಮೊದಲೇ ತಿಳಿದಿರಬೇಕು.

ಮೊದಲು ಟೂರ್. ಕೈಗೊಂದು ಆಡಿಯೋ ಸಾಧನ ಕೊಡುತ್ತಾರೆ. ಮುಖ್ಯ ಜಾಗಗಳಲ್ಲಿ ಗೈಡ್‌ಗಳೂ ನಿಂತಿರುತ್ತಾರೆ. 2016ರಲ್ಲಿ ದೊಡ್ಡದಾಗಿ ಕಟ್ಟಿದ ಮೇನ್ ಸ್ಟ್ಯಾಂಡಿನ ಮೇಲ್ತುದಿಗೆ ಹತ್ತಿಸಿ, ಅಲ್ಲಿಂದ ಪತ್ರಿಕಾಗೋಷ್ಠಿ ಕೊಠಡಿ, ಡ್ರೆಸಿಂಗ್ ರೂಮ್, ಸುರಂಗದಲ್ಲಿರುವ 'ದಿಸ್ ಈಸ್ ಆನ್‌ಫೀಲ್ಡ್' ಫಲಕ, ಮೈದಾನದ ಅಂಚು, ಕಾಪ್ ಸ್ಟ್ಯಾಂಡ್ ಎಂದು ಇಳಿಸುತ್ತಾ ಬರುತ್ತಾರೆ. ಸುಮಾರು ಒಂದು ಗಂಟೆ ಹಿಡಿಯುತ್ತದೆ. ಮ್ಯೂಸಿಯಂ ಪ್ರವೇಶ ಇದೇ ಟಿಕೆಟ್ಟಿನಲ್ಲಿ ಸೇರಿದೆ, ಅದಕ್ಕೆ ಇನ್ನೊಂದು ಗಂಟೆ ಇಟ್ಟುಕೊಳ್ಳಿ. ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮುಂಚಿತವಾಗಿ ತೆಗೆದುಕೊಳ್ಳುವುದು ಕ್ಷೇಮ, ಶಾಲಾ ರಜೆಗಳಲ್ಲಿ ಸಮಯಗಳು ಬೇಗ ತುಂಬುತ್ತವೆ. ಪಂದ್ಯವಿರುವ ದಿನ ಮಾಮೂಲಿ ಟೂರ್ ನಡೆಯುವುದಿಲ್ಲ. ಯುರೋಪಿಯನ್ ಪಂದ್ಯದ ಹಿಂದಿನ ದಿನವೂ ಕೆಲವು ಕೊಠಡಿಗಳು ಮುಚ್ಚಿರಬಹುದು. ವಿಮಾನದ ಟಿಕೆಟ್ ಮಾಡಿಸುವಾಗಲೇ ಪಂದ್ಯಗಳ ಪಟ್ಟಿ ನೋಡಿಕೊಳ್ಳಿ, ಟಿವಿಗಾಗಿ ದಿನಾಂಕ ಬದಲಾಗುವುದು ಅಲ್ಲಿ ಸಾಮಾನ್ಯ. ದೊಡ್ಡ ಬ್ಯಾಗನ್ನು ಹೋಟೆಲಿನಲ್ಲೇ ಬಿಡಿ. ಮಾಜಿ ಆಟಗಾರರ ಜೊತೆ ಪ್ರಶ್ನೋತ್ತರವಿರುವ ದುಬಾರಿ ಟೂರ್ ಕೂಡ ಇದೆ. ಅವರು ಮಾತಾಡುವುದು ತಮ್ಮ ಕಾಲದ ಬಗ್ಗೆ, ಆದ್ದರಿಂದ ಈ ವಿಷಯಕ್ಕೆ ಅದು ಬೇಕಿಲ್ಲ.

ಮ್ಯೂಸಿಯಂನ ಹೆಚ್ಚಿನ ಜಾಗ ಆರು ಯುರೋಪಿಯನ್ ಕಪ್‌ಗಳಿಗೆ, ಮ್ಯಾನೇಜರ್ ಬಿಲ್ ಶಾಂಕ್ಲಿ ಬಂದ 1959ರಿಂದೀಚಿನ ಕಾಲಕ್ಕೆ ಸೇರಿದೆ. ಬರುವವರು ಬಯಸುವುದೂ ಅದನ್ನೇ. ಆದರೂ 1892ರ ಭಾಗವನ್ನು 'ಇದೇ ಊರಿನ ಎವರ್ಟನ್ ಕ್ಲಬ್ ಜೊತೆ ಬಾಡಿಗೆ ಜಗಳವಾಯಿತು, ಹೊಸ ಕ್ಲಬ್ ಹುಟ್ಟಿತು' ಎಂದು ದಾಟಿಹೋಗುವುದು ನಷ್ಟವೇ. ಆ ಜಗಳದ ಒಳಗೆ ಇಂಗ್ಲಿಷ್ ವೃತ್ತಿಪರ ಫುಟ್‌ಬಾಲಿನ ಹುಟ್ಟಿನ ಕಥೆ ಪೂರ್ತಿಯಾಗಿದೆ: ಚರ್ಚಿನ ಹುಡುಗರ ಆಟ, ಬಿಯರ್ ಕಾರ್ಖಾನೆಯ ದುಡ್ಡು, ಗೇಟಿನ ವಸೂಲಿ, ಸಂಬಳದ ಆಟಗಾರರು, ಕೊನೆಗೆ ಷೇರು ಕಂಪನಿ. ಇದನ್ನು ಕ್ರಮವಾಗಿ ನೋಡಲು ಅರ್ಧ ದಿನದ ನಡಿಗೆ ಸಾಕು. ಟೂರ್ ಅದರ ಮಧ್ಯದಲ್ಲಿ ಬರುವಂತೆ ಸಮಯ ಹೊಂದಿಸಿಕೊಳ್ಳಿ. ಬೆಳಿಗ್ಗೆ ಒಂಬತ್ತೂವರೆಗೆ ಊರಿನಿಂದ ಹೊರಟರೆ ಹನ್ನೆರಡರ ಟೂರ್ ಸರಿಹೋಗುತ್ತದೆ.

ಲಂಡನ್ನಿನ ಯೂಸ್ಟನ್‌ನಿಂದ ಬರುವ ರೈಲು ಲೈಮ್ ಸ್ಟ್ರೀಟ್ ನಿಲ್ದಾಣಕ್ಕೆ ಬರುತ್ತದೆ. ಅಲ್ಲಿಂದ ಎವರ್ಟನ್ ದಿಬ್ಬಕ್ಕೆ ಅರ್ಧ ಗಂಟೆಗೂ ಮಿಕ್ಕಿದ ಏರು ನಡಿಗೆ. ದಿಬ್ಬದ ಮೇಲೆ ಹುಲ್ಲಿನ ನಡುವೆ ಶಂಕುವಿನಾಕಾರದ ಛಾವಣಿಯ ಸಣ್ಣ ಕಲ್ಲಿನ ಕಟ್ಟಡವೊಂದಿದೆ. 1787ರಲ್ಲಿ ಕಟ್ಟಿದ ಇದು ಊರಿನ ಕುಡುಕರನ್ನು, ಪುಂಡರನ್ನು ರಾತ್ರಿ ಕೂಡಿಹಾಕುತ್ತಿದ್ದ ಲಾಕಪ್. ಜನ ಇದನ್ನು ಪ್ರಿನ್ಸ್ ರೂಪರ್ಟ್ಸ್ ಟವರ್ ಎನ್ನುತ್ತಾರೆ. 1644ರಲ್ಲಿ ಆ ರಾಜಕುಮಾರನ ಸೈನ್ಯ ಈ ದಿಬ್ಬದ ಮೇಲೆ ಬೀಡುಬಿಟ್ಟಿದ್ದು ನಿಜ, ಕಟ್ಟಡ ಮಾತ್ರ ನೂರನಲವತ್ತಕ್ಕೂ ಹೆಚ್ಚು ವರ್ಷ ಈಚಿನದು. ಎವರ್ಟನ್ ಕ್ಲಬ್ಬಿನ ಲಾಂಛನದ ಮೇಲಿರುವ ಗೋಪುರ ಇದೇ. ಲಿವರ್‌ಪೂಲ್ ಅಭಿಮಾನಿಗಳು ಇದನ್ನು ಬಿಟ್ಟುಬಿಡಬಾರದು, ಏಕೆಂದರೆ ಮುಂದಿನ ಹದಿನಾಲ್ಕು ವರ್ಷಗಳ ಕಥೆ ಎರಡೂ ಕ್ಲಬ್ಬುಗಳಿಗೆ ಸೇರಿದ್ದು. ಇಲ್ಲಿಂದ ಕೆಳಗೆ ಮರ್ಸಿ ನದಿ, ಹಡಗುಕಟ್ಟೆಗಳು ಕಾಣುತ್ತವೆ. ಆ ಹಡಗುಕಟ್ಟೆಗಳ ದುಡಿಮೆಗೆ ಬಂದ ಜನರಿಂದಲೇ ಈ ದಿಬ್ಬದ ಬೀದಿಗಳು, ಆಮೇಲೆ ಈ ಮೈದಾನಗಳು ತುಂಬಿದವು.

ಈಶಾನ್ಯಕ್ಕೆ ನಡೆದರೆ ಬ್ರೆಕ್‌ಫೀಲ್ಡ್ ರೋಡ್ ನಾರ್ತ್. ಇಲ್ಲಿದ್ದ ಸೇಂಟ್ ಡೊಮಿಂಗೊ ಮೆಥಡಿಸ್ಟ್ ಚರ್ಚ್ 1871ರಲ್ಲಿ ತೆರೆದದ್ದು, ಈಗ ಉಳಿದಿಲ್ಲ. ಇಲ್ಲಿಗೆ ಬಂದ ಪಾದ್ರಿ ಬಿ. ಎಸ್. ಚೇಂಬರ್ಸ್ ಹುಡುಗರಿಗಾಗಿ ಕ್ರಿಕೆಟ್ ತಂಡ ಕಟ್ಟಿಸಿದರು. ಚಳಿಗಾಲದಲ್ಲಿ ಅವರನ್ನು ಒಟ್ಟಿಗೆ ಇಟ್ಟುಕೊಳ್ಳಲು 1878ರಲ್ಲಿ ಫುಟ್‌ಬಾಲ್ ಸೇರಿತು. ಬೇರೆ ಚರ್ಚುಗಳ ಹುಡುಗರೂ ಬರತೊಡಗಿದಾಗ ಒಂದೇ ಚರ್ಚಿನ ಹೆಸರು ಒಗ್ಗಲಿಲ್ಲ. 1879ರ ನವೆಂಬರಿನಲ್ಲಿ ವಿಲೇಜ್ ಸ್ಟ್ರೀಟಿನ ಕ್ವೀನ್ಸ್ ಹೆಡ್ ಹೋಟೆಲಿನಲ್ಲಿ ಸಭೆ ಸೇರಿ ಬಡಾವಣೆಯ ಹೆಸರನ್ನೇ ಇಟ್ಟರು: ಎವರ್ಟನ್. ಹೊಸ ಹೆಸರಿನಲ್ಲಿ ಮೊದಲ ಪಂದ್ಯ ಆ ಡಿಸೆಂಬರಿನಲ್ಲಿ ಸ್ಟ್ಯಾನ್ಲಿ ಪಾರ್ಕಿನಲ್ಲಿ ನಡೆದು, ಸೇಂಟ್ ಪೀಟರ್ಸ್ ತಂಡದ ಮೇಲೆ 6–0 ಗೆಲುವು ಸಿಕ್ಕಿತು. ಸಾರ್ವಜನಿಕ ಉದ್ಯಾನವಾದ್ದರಿಂದ ಗೋಲುಕಂಬಗಳನ್ನು ಆಟಗಾರರೇ ಹೊತ್ತು ತಂದು ನೆಡಬೇಕಿತ್ತು, ಆಟ ಮುಗಿದ ಮೇಲೆ ಕಿತ್ತು ವಾಪಸ್ ಇಡಬೇಕಿತ್ತು.

ಉದ್ಯಾನದಲ್ಲಿ ಗೇಟು ಹಾಕಿ ದುಡ್ಡು ಎತ್ತುವಂತಿಲ್ಲ. ಮುಂದಿನದ್ದೆಲ್ಲ ನಡೆದದ್ದು ಈ ಒಂದು ತೊಡಕಿನಿಂದ. ಪಂದ್ಯಗಳಿಗೆ ಜನ ಸೇರುವುದು ಹೆಚ್ಚಿದಂತೆ ಬೇಲಿ ಹಾಕಿದ ಜಾಗ ಬೇಕಾಯಿತು. 1883ರಲ್ಲಿ ಪ್ರಯರಿ ರೋಡಿನ ಪಕ್ಕದಲ್ಲಿ ಒಂದು ಜಮೀನು ಸಿಕ್ಕಿತು. ಜನರ ಗದ್ದಲ ತಾಳಲಾರದೆ ಮಾಲೀಕ ಒಂದೇ ಸೀಸನ್ನಿಗೆ ಜಾಗ ಖಾಲಿ ಮಾಡಿಸಿದ. ಆಗ ಕ್ಲಬ್ಬಿನ ಅಧ್ಯಕ್ಷರಾಗಿದ್ದ ಜಾನ್ ಹೌಲ್ಡಿಂಗ್, ಆನ್‌ಫೀಲ್ಡ್ ರೋಡಿನಲ್ಲಿ ಆರೆಲ್ ಸೋದರರ ಜಮೀನನ್ನು ಗೊತ್ತುಮಾಡಿಕೊಟ್ಟರು. ಹೌಲ್ಡಿಂಗ್ ಬಿಯರ್ ಕಾರ್ಖಾನೆಯ ಧಣಿ, ಕನ್ಸರ್ವೇಟಿವ್ ಪಕ್ಷದ ನಗರಸಭಾ ಸದಸ್ಯ. ಜನ ಅವರನ್ನು 'ಎವರ್ಟನ್ನಿನ ರಾಜ' ಎಂದೇ ಕರೆಯುತ್ತಿದ್ದರು. ಆರೆಲ್ ಹಾಕಿದ ಷರತ್ತುಗಳಲ್ಲಿ ಸ್ಟ್ಯಾನ್ಲಿ ಆಸ್ಪತ್ರೆಗೆ ವರ್ಷಕ್ಕೊಮ್ಮೆ ದೇಣಿಗೆ ಕೊಡಬೇಕೆಂಬುದೂ ಒಂದು. 1884ರ ಸೆಪ್ಟೆಂಬರಿನಲ್ಲಿ ಇಲ್ಲಿ ಆಡಿದ ಮೊದಲ ಪಂದ್ಯದಲ್ಲಿ ಎವರ್ಟನ್ ಅರ್ಲ್ಸ್‌ಟೌನ್ ತಂಡವನ್ನು 5–0ರಿಂದ ಸೋಲಿಸಿತು.

ಬ್ರೆಕ್‌ಫೀಲ್ಡ್ ರೋಡಿನಿಂದ ಓಕ್‌ಫೀಲ್ಡ್ ರೋಡಿಗೆ ಬಂದರೆ ಹೌಲ್ಡಿಂಗ್ ಸ್ಟ್ರೀಟಿನ ಮೂಲೆಯಲ್ಲಿ ಸ್ಯಾಂಡನ್ ಪಬ್ ಸಿಗುತ್ತದೆ. ಈ ನಡಿಗೆಯಲ್ಲಿ ಒಂದೇ ಕಡೆ ನಿಲ್ಲುವಷ್ಟು ಸಮಯವಿದ್ದರೆ ಇಲ್ಲಿ ನಿಲ್ಲಿ. ಇದು ಹೌಲ್ಡಿಂಗ್ ಅವರ ಹೋಟೆಲ್, ಕ್ಲಬ್ಬಿನ ಕಚೇರಿಯಂತೆ ಬಳಕೆಯಾದ ಜಾಗ, ಆಟಗಾರರು ಬಟ್ಟೆ ಬದಲಿಸಿ ಮೈದಾನಕ್ಕೆ ನಡೆದುಹೋಗುತ್ತಿದ್ದ ಜಾಗ. ಇಲ್ಲಿಂದ ಕ್ರೀಡಾಂಗಣಕ್ಕಿರುವ ದೂರ ನೋಡಿದರೆ ಜಗಳದ ಅರ್ಧ ಕಾರಣ ತಾನಾಗಿ ತಿಳಿಯುತ್ತದೆ. ಆರೆಲ್ ಸೋದರರ ಜಮೀನು ಅಷ್ಟರಲ್ಲಿ ಹೌಲ್ಡಿಂಗ್ ಅವರದೇ ಆಗಿತ್ತು. ಅದರ ಬಾಡಿಗೆ ಹೌಲ್ಡಿಂಗ್‌ಗೆ, ಪಂದ್ಯಕ್ಕೆ ಬಂದ ಸಾವಿರಾರು ಜನ ಕುಡಿಯುವ ಬಿಯರಿನ ದುಡ್ಡೂ ಅವರಿಗೇ. ಕ್ಲಬ್ಬಿನ ಸಮಿತಿಯಲ್ಲಿದ್ದವರಲ್ಲಿ ಹಲವರು ಚರ್ಚಿನ ಹಿನ್ನೆಲೆಯವರು. ಹೌಲ್ಡಿಂಗ್ ವಿರೋಧಿ ಬಣದ ನಾಯಕ ಜಾರ್ಜ್ ಮಹೋನ್ ಸೇಂಟ್ ಡೊಮಿಂಗೊ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು.

1885ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಸಂಬಳದ ಆಟಕ್ಕೆ ಒಪ್ಪಿಗೆ ಕೊಟ್ಟಿತು. 1888ರಲ್ಲಿ ಹನ್ನೆರಡು ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಶುರುವಾದಾಗ ಎವರ್ಟನ್ ಅದರಲ್ಲಿ ಒಂದಾಗಿತ್ತು. ಆ ಸೆಪ್ಟೆಂಬರ್ 8ರಂದು ಆನ್‌ಫೀಲ್ಡಿನಲ್ಲಿ ಆಕ್ರಿಂಗ್ಟನ್ ತಂಡವನ್ನು 2–1ರಿಂದ ಸೋಲಿಸಿ ಆರಂಭಿಸಿತು, 1891ರಲ್ಲಿ ಚಾಂಪಿಯನ್ ಆಯಿತು. ಆನ್‌ಫೀಲ್ಡಿಗೆ ಬಂದ ಮೊದಲ ಲೀಗ್ ಪ್ರಶಸ್ತಿ ಎವರ್ಟನ್ನಿನದು ಎಂಬುದನ್ನು ಟ್ರೋಫಿಗಳ ಗಾಜಿನ ಮುಂದೆ ನಿಂತಾಗ ನೆನಪಿಡಿ. ಕ್ಲಬ್ ಗೆಲ್ಲುತ್ತಾ ಹೋದಂತೆ ಬಾಡಿಗೆಯೂ ಏರಿತು: 1880ರ ದಶಕದ ಮಧ್ಯದಲ್ಲಿ ವರ್ಷಕ್ಕೆ 100 ಪೌಂಡ್ ಇದ್ದದ್ದು ಐದು ವರ್ಷಗಳೊಳಗೆ 250ರ ಹತ್ತಿರಕ್ಕೆ ಬಂತು. ಸಮಿತಿ 180ಕ್ಕೆ ಮಾತಾಡಿತು, ಹೌಲ್ಡಿಂಗ್ ಒಪ್ಪಲಿಲ್ಲ. ಕ್ಲಬ್ಬನ್ನು ಕಂಪನಿ ಮಾಡಿ ಜಮೀನನ್ನು ಅದಕ್ಕೆ ಕೊಳ್ಳಿಸಬೇಕೆಂಬುದು ಅವರ ಯೋಜನೆ. ತಮ್ಮ ಜಮೀನನ್ನು ತಮ್ಮದೇ ಕ್ಲಬ್ಬಿಗೆ ಮಾರುವ ಅಧ್ಯಕ್ಷರನ್ನು ಸದಸ್ಯರು ನಂಬಲಿಲ್ಲ. ಬಾಡಿಗೆಯೊಂದೇ ಕಾರಣ ಎನ್ನುವುದು ಸುಲಭದ ಮಾತು. ಮೈದಾನ ಯಾರದು, ಗೇಟಿನ ದುಡ್ಡು ಯಾರ ಕೈಗೆ ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದಿತ್ತು. ಮದ್ಯದ ವ್ಯಾಪಾರದ ಬಗ್ಗೆ ಚರ್ಚಿನವರಿಗಿದ್ದ ಅಸಮಾಧಾನ, ಪಕ್ಷ ರಾಜಕೀಯ ಎರಡೂ ಅದಕ್ಕೆ ಸೇರಿಕೊಂಡವು.

1892ರ ಜನವರಿಯಲ್ಲಿ ಹೌಲ್ಡಿಂಗ್ ಎವರ್ಟನ್ ಹೆಸರಿನಲ್ಲೇ ಒಂದು ಕಂಪನಿಯನ್ನು ನೋಂದಾಯಿಸಿದರು. ಹೆಸರೂ ಮೈದಾನವೂ ತಮ್ಮ ಬಳಿಯೇ ಉಳಿದರೆ ಸಮಿತಿಯವರು ಎಲ್ಲಿಗೆ ಹೋಗುತ್ತಾರೆಂಬ ಲೆಕ್ಕ. ಮಾರ್ಚ್ 15ರ ಸಭೆಯಲ್ಲಿ ಸದಸ್ಯರು ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದರು. ಎವರ್ಟನ್ ಎಂಬ ಹೆಸರು ಕ್ಲಬ್ಬಿನ ಸದಸ್ಯರದ್ದೇ ಎಂದು ಫುಟ್‌ಬಾಲ್ ಸಂಸ್ಥೆಯೂ ತೀರ್ಪು ಕೊಟ್ಟಿತು. ಹೌಲ್ಡಿಂಗ್ ಬಳಿ ಒಳ್ಳೆಯ ಮೈದಾನ ಉಳಿಯಿತು, ಆಡಲು ತಂಡವಿರಲಿಲ್ಲ. ಅದಕ್ಕಾಗಿಯೇ ಹೊಸ ಕ್ಲಬ್. ಲಿವರ್‌ಪೂಲ್ ತನ್ನ ಹುಟ್ಟುಹಬ್ಬವೆಂದು ಹೇಳುವುದು ಮಾರ್ಚ್ 15ನ್ನು, ಕಂಪನಿಯಾಗಿ ನೋಂದಣಿಯಾದದ್ದು ಜೂನ್ 3ರಂದು. ಬೇರೆ ಬೇರೆ ಕಡೆ ಬೇರೆ ಬೇರೆ ದಿನಾಂಕ ಕಂಡರೆ ಗೊಂದಲ ಬೇಡ, ಕಾರಣ ಇದೇ. ಊರಿನಲ್ಲಿ ಲಿವರ್‌ಪೂಲ್ ಹೆಸರಿನ ರಗ್ಬಿ ಕ್ಲಬ್ ಮೊದಲೇ ಇತ್ತು. ಆದ್ದರಿಂದ ಹೊಸ ಕ್ಲಬ್ಬಿನ ಹೆಸರಿನ ನಡುವೆ 'ಅಸೋಸಿಯೇಷನ್' ಸೇರಿಸಬೇಕಾಯಿತು.

ಕ್ರೀಡಾಂಗಣದ ಹೊರಗೆ ಹೌಲ್ಡಿಂಗ್ ಅವರ ಪ್ರತಿಮೆಯಿದೆ. ಶಾಂಕ್ಲಿ ಪ್ರತಿಮೆಯ ಮುಂದೆ ಫೋಟೋಗಾಗಿ ಸಾಲು ನಿಂತಿರುತ್ತದೆ, ಇಲ್ಲಿ ಬಹುತೇಕ ಯಾರೂ ಇರುವುದಿಲ್ಲ. ಅಲ್ಲಿ ನಿಂತು ಮುಂದಿನ ಎರಡು ವರ್ಷಗಳನ್ನು ನೆನೆದರೆ ಒಳಗಿನ ಟೂರ್ ಬೇರೆಯೇ ಅನ್ನಿಸುತ್ತದೆ. 1892ರ ಸೆಪ್ಟೆಂಬರ್ 1ರಂದು ಲಿವರ್‌ಪೂಲ್‌ನ ಮೊದಲ ಪಂದ್ಯ, ರಾಥರ್‌ಹ್ಯಾಮ್ ಟೌನ್ ಮೇಲೆ 7–1 ಗೆಲುವು. ಆದರೆ ಅದೇ ದಿನ ಎವರ್ಟನ್ ತನ್ನ ಹೊಸ ಮೈದಾನದಲ್ಲಿ ಬೋಲ್ಟನ್ ವಿರುದ್ಧ ಆಡುತ್ತಿತ್ತು, ಜನ ಅಲ್ಲಿಗೆ ಹೋದರು. ಲೀಗ್ ಆ ವರ್ಷ ಹೊಸ ಕ್ಲಬ್ಬಿಗೆ ಜಾಗ ಕೊಡಲಿಲ್ಲ, ಲ್ಯಾಂಕಶೈರ್ ಲೀಗಿನಲ್ಲಿ ಆಡಬೇಕಾಯಿತು. ತಂಡದ ಉಸ್ತುವಾರಿ ಹೊತ್ತಿದ್ದ ಜಾನ್ ಮೆಕೆನ್ನಾ ಮತ್ತು ಡಬ್ಲ್ಯೂ. ಇ. ಬಾರ್ಕ್ಲೇ ಸ್ಕಾಟ್ಲೆಂಡಿನಿಂದ ಆಟಗಾರರನ್ನು ತಂದರು. ಮೆಕ್‌ಕ್ಯೂ, ಮೆಕ್‌ವೀನ್, ಮೆಕ್‌ಲೀನ್, ಮೆಕ್‌ಬ್ರೈಡ್, ಮೆಕ್‌ಕ್ವೀನ್ ಹೀಗೆ ಹೆಸರುಗಳಿದ್ದುದರಿಂದ 'ಮ್ಯಾಕ್‌ಗಳ ತಂಡ' ಎಂದೇ ಕರೆಸಿಕೊಂಡಿತು. ಲ್ಯಾಂಕಶೈರ್ ಲೀಗನ್ನು ಮೊದಲ ಯತ್ನದಲ್ಲೇ ಗೆದ್ದಿತು. 1893ರಲ್ಲಿ ಬೂಟಲ್ ಕ್ಲಬ್ ಎರಡನೇ ದರ್ಜೆಯಿಂದ ಹಿಂದೆ ಸರಿದು ಜಾಗ ತೆರವಾದಾಗ, ಮೆಕೆನ್ನಾ ಲೀಗಿಗೆ ತಂತಿ ಕಳಿಸಿ ಪ್ರವೇಶ ಕೇಳಿದರು. ಆ ಸೆಪ್ಟೆಂಬರ್ 2ರಂದು ಮಿಡಲ್ಸ್‌ಬ್ರೊ ಐರನೋಪೊಲಿಸ್ ಮೇಲೆ 2–0 ಗೆಲುವಿನಿಂದ ಶುರು. ಕ್ಲಬ್ಬಿನ ಮೊದಲ ಲೀಗ್ ಗೋಲು ಮಾಲ್ಕಮ್ ಮೆಕ್‌ವೀನ್ ಅವರದು. ಆ ಸೀಸನ್ನಿನ 28 ಪಂದ್ಯಗಳಲ್ಲಿ 22 ಗೆಲುವು, 6 ಡ್ರಾ, ಸೋಲೇ ಇಲ್ಲ. ಆಗ ಮೇಲೇರಲು ಅಷ್ಟೇ ಸಾಲದು, ಮೇಲಿನ ದರ್ಜೆಯ ಕೊನೆಯ ತಂಡಗಳಲ್ಲೊಂದನ್ನು ಪರೀಕ್ಷಾ ಪಂದ್ಯದಲ್ಲಿ ಸೋಲಿಸಬೇಕಿತ್ತು. ಎದುರಾಳಿ ನ್ಯೂಟನ್ ಹೀತ್, ಅಂದರೆ ಇಂದಿನ ಮ್ಯಾಂಚೆಸ್ಟರ್ ಯುನೈಟೆಡ್. ಬ್ಲ್ಯಾಕ್‌ಬರ್ನ್‌ನಲ್ಲಿ ಲಿವರ್‌ಪೂಲ್ 2–0ರಿಂದ ಗೆದ್ದಿತು. ಇಂಥ ಸಂಗತಿಗೆ ಮ್ಯೂಸಿಯಂ ಒಂದು ಗೋಡೆಯನ್ನೇ ಕೊಟ್ಟರೂ ಹೆಚ್ಚಲ್ಲ.

ಮೇಲಿನ ದರ್ಜೆಯಲ್ಲಿ ಆ ತಂಡ ಒಂದೇ ವರ್ಷ ನಿಂತಿತು. 1894ರ ಅಕ್ಟೋಬರ್ 13ರಂದು ಮೊದಲ ಲೀಗ್ ಡರ್ಬಿ, ಅಂದರೆ ಒಂದೇ ಊರಿನ ಎರಡು ಕ್ಲಬ್ಬುಗಳ ಪಂದ್ಯ, ಸುಮಾರು 44 ಸಾವಿರ ಜನರ ಮುಂದೆ ಎವರ್ಟನ್ 3–0ರಿಂದ ಗೆದ್ದಿತು. 1895ರಲ್ಲಿ ಲಿವರ್‌ಪೂಲ್ ಕೆಳಗಿಳಿಯಿತು, ಮರುವರ್ಷವೇ ವಾಪಸ್ ಏರಿತು. 1896ರಲ್ಲಿ ಎರಡು ಬದಲಾವಣೆಗಳಾದವು: ಹೌಲ್ಡಿಂಗ್ ಕಾಲದ ನೀಲಿ-ಬಿಳಿ ಅಂಗಿ ಹೋಗಿ ಕೆಂಪು ಬಂತು, ಸಂಡರ್‌ಲ್ಯಾಂಡ್ ತಂಡವನ್ನು ಚಾಂಪಿಯನ್ ಮಾಡಿದ್ದ ಟಾಮ್ ವಾಟ್ಸನ್ ಮ್ಯಾನೇಜರ್ ಆಗಿ ಬಂದರು. 1915ರವರೆಗೂ ಅವರೇ. 1901ರಲ್ಲಿ ಮೊದಲ ಲೀಗ್ ಪ್ರಶಸ್ತಿ, 1906ರಲ್ಲಿ ಎರಡನೆಯದು. ಶಾಂಕ್ಲಿ, ಪೇಸ್ಲಿ ಹೆಸರು ಹೇಳುವವರು ವಾಟ್ಸನ್ ಹೆಸರನ್ನೂ ಹೇಳಬೇಕು.

ಟೂರ್‌ನಲ್ಲಿ ಆರಂಭಕಾಲ ನಿಜವಾಗಿ ಕಣ್ಣಿಗೆ ಬೀಳುವ ಜಾಗ ಕಾಪ್. ಎರಡನೇ ಪ್ರಶಸ್ತಿಯ ವರ್ಷ, 1906ರಲ್ಲಿ, ಆರ್ಚಿಬಾಲ್ಡ್ ಲೀಚ್ ವಿನ್ಯಾಸದಲ್ಲಿ ಕ್ರೀಡಾಂಗಣ ಬೆಳೆದಾಗ ಮಣ್ಣು, ಬೂದಿಗಿಟ್ಟ ಸುರಿದು ಈ ಎತ್ತರದ ದಿಬ್ಬ ಕಟ್ಟಿದರು. ದಕ್ಷಿಣ ಆಫ್ರಿಕಾದ ಸ್ಪಿಯನ್ ಕಾಪ್ ಗುಡ್ಡದ ಹೆಸರನ್ನು ಸ್ಥಳೀಯ ಪತ್ರಿಕೆಯ ಕ್ರೀಡಾ ಸಂಪಾದಕ ಅರ್ನೆಸ್ಟ್ ಎಡ್ವರ್ಡ್ಸ್ ಸೂಚಿಸಿದರು. 1900ರ ಜನವರಿಯಲ್ಲಿ ಆ ಗುಡ್ಡದ ಮೇಲೆ ನಡೆದ ಯುದ್ಧದಲ್ಲಿ ಲ್ಯಾಂಕಶೈರ್ ರೆಜಿಮೆಂಟುಗಳ ಬಹಳಷ್ಟು ಜನ ಸತ್ತಿದ್ದರು. ನಮ್ಮವರಿಗೆ ಇಲ್ಲೊಂದು ಸಂಬಂಧವಿದೆ. ಆ ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತವರಲ್ಲಿ ಮೋಹನದಾಸ ಗಾಂಧಿ ಕಟ್ಟಿದ ಭಾರತೀಯ ಆಂಬ್ಯುಲೆನ್ಸ್ ದಳದ ಸುಮಾರು 1,100 ಜನರಿದ್ದರು. ಅವರಲ್ಲಿ ಬಹುಪಾಲು ಗಿರಮಿಟ್ ಕೂಲಿಗಳು (ಕರಾರಿನ ಮೇಲೆ ಒಯ್ದ ಕೂಲಿಗಳು), ಸ್ಟ್ರೆಚರ್ ಹೊತ್ತು ದಿನಕ್ಕೆ 20–25 ಮೈಲಿ ನಡೆದವರು. ಕಾಪ್‌ಗೆ 1928ರಲ್ಲಿ ಛಾವಣಿ ಬಂತು, 1994ರಲ್ಲಿ ನಿಂತು ನೋಡುವ ಪದ್ಧತಿ ಹೋಗಿ ಕುರ್ಚಿಗಳು ಬಂದವು. ಗೈಡ್ ಬಿಡುವಾಗಿದ್ದರೆ ಇಲ್ಲೇ ಪ್ರಶ್ನೆ ಕೇಳಿ. ಆಡಿಯೋದಲ್ಲಿ ಇಲ್ಲದ್ದನ್ನು ಅವರಲ್ಲಿ ಅನೇಕರು ಬಲ್ಲರು, ಆದರೆ ಕೇಳದೆ ಹೇಳುವುದಿಲ್ಲ.

ಕಾಪ್‌ನ ಮೂಲೆಯ ಧ್ವಜಸ್ತಂಭವನ್ನು ಬಹುತೇಕರು ನೋಡದೆಯೇ ಹೋಗುತ್ತಾರೆ. ಅದು ಗ್ರೇಟ್ ಈಸ್ಟರ್ನ್ ಹಡಗಿನ ಕೂವೆಮರ. ಮರ್ಸಿಯ ದಡದಲ್ಲಿ ಹಡಗನ್ನು ಒಡೆದಾಗ ಉಳಿದದ್ದನ್ನು ಕುದುರೆಗಳಿಂದ ಎಳೆಸಿ ಏರು ಹತ್ತಿಸಿ ತಂದರು. ಮುಂಬಯಿಗೂ ಏಡನ್‌ಗೂ ನಡುವೆ 1870ರಲ್ಲಿ ಸಮುದ್ರದಡಿ ತಂತಿ ಹಾಸಿದ ಹಡಗು ಅದು.

ಟೂರ್ ಮುಗಿದ ಮೇಲೆ ಆನ್‌ಫೀಲ್ಡ್ ರೋಡಿಗೆ ಬನ್ನಿ. ಉದ್ಯಾನಕ್ಕೆ ಮುಖ ಮಾಡಿರುವ ಸ್ಟ್ಯಾನ್ಲಿ ಹೌಸ್ ಹೌಲ್ಡಿಂಗ್ ಅವರ ಮನೆಯಾಗಿತ್ತು. ಈಗಲೂ ನಿಂತಿರುವ ಅದನ್ನು ರಸ್ತೆಯಿಂದಲೇ ನೋಡಬಹುದು, ಒಳಗೆ ಹೋಗುವ ವ್ಯವಸ್ಥೆ ಇದೆಯೆಂದು ಬಾಗಿಲು ತಟ್ಟಬೇಡಿ. 1897ರಲ್ಲಿ ಲಾರ್ಡ್ ಮೇಯರ್ ಆದ ಹೌಲ್ಡಿಂಗ್ 1902ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ತೀರಿಕೊಂಡರು. ಅವರ ಶವಪೆಟ್ಟಿಗೆಗೆ ಎರಡೂ ಕ್ಲಬ್ಬಿನ ಆಟಗಾರರು ಹೆಗಲು ಕೊಟ್ಟರು. ಹತ್ತು ವರ್ಷಗಳ ಹಿಂದೆ ಫುಟ್‌ಬಾಲ್ ಸಂಸ್ಥೆಯ ತೀರ್ಪಿನವರೆಗೆ ಹೋಗಿದ್ದ ಜಗಳ ಅಷ್ಟರಲ್ಲಿ ಆರಿತ್ತು.

ಸ್ಟ್ಯಾನ್ಲಿ ಪಾರ್ಕಿನ ಮಧ್ಯದಿಂದ ದಾಟಿದರೆ ಗುಡಿಸನ್ ಪಾರ್ಕ್, ಒಂದು ಮೈಲಿಯೂ ಇಲ್ಲ. ಹೊರಬಿದ್ದ ಎವರ್ಟನ್ ಸಮಿತಿ ಮಿಯರ್ ಗ್ರೀನ್ ಎಂಬ ಬಯಲನ್ನು ಹಿಡಿಯಿತು. ಡಾ. ಜೇಮ್ಸ್ ಬ್ಯಾಕ್ಸ್ಟರ್ ಬಡ್ಡಿಯಿಲ್ಲದೆ 1,000 ಪೌಂಡ್ ಸಾಲ ಕೊಟ್ಟರು. ಕೆಲವೇ ತಿಂಗಳಲ್ಲಿ ಸ್ಟ್ಯಾಂಡುಗಳು ಎದ್ದು 1892ರ ಆಗಸ್ಟ್ 24ರಂದು ಮೈದಾನ ತೆರೆಯಿತು. ಎರಡೇ ವರ್ಷದಲ್ಲಿ ಎಫ್‌ಎ ಕಪ್ ಫೈನಲ್ ಕೂಡ ಇಲ್ಲೇ ನಡೆಯಿತು, ನಾಟ್ಸ್ ಕೌಂಟಿ 4, ಬೋಲ್ಟನ್ 1. 2025ರ ಮೇ 18ರಂದು ಸೌತಾಂಪ್ಟನ್ ವಿರುದ್ಧ ಪುರುಷರ ತಂಡದ ಕೊನೆಯ ಪಂದ್ಯ ಮುಗಿದು ಅವರು ಬ್ರಾಮ್ಲಿ-ಮೂರ್ ಹಡಗುಕಟ್ಟೆಯ ಹೊಸ ಕ್ರೀಡಾಂಗಣಕ್ಕೆ ಹೋದರು. ಗುಡಿಸನ್ ಈಗ ಎವರ್ಟನ್ ಮಹಿಳಾ ತಂಡದ ಮನೆ. ಆನ್‌ಫೀಲ್ಡಿನ ಟೂರ್ ಟಿಕೆಟ್ ಸಿಗದೆ ಹೋದರೆ, ಮಹಿಳಾ ತಂಡದ ಪಂದ್ಯವಿರುವ ದಿನ ಇಲ್ಲಿ ಒಂದು ಟಿಕೆಟ್ ತೆಗೆದುಕೊಳ್ಳುವುದು ಒಳ್ಳೆಯ ಬದಲಿ.

ಹೋಗಿಬರುವ ವಿಷಯದಲ್ಲಿ ಎಡವುವವರೇ ಹೆಚ್ಚು. ಆನ್‌ಫೀಲ್ಡಿನ ಬಾಗಿಲಿಗೆ ರೈಲು ನಿಲ್ದಾಣವಿಲ್ಲ. ನಕ್ಷೆಯಲ್ಲಿ ಹತ್ತಿರ ಕಾಣುವ ಸ್ಯಾಂಡ್‌ಹಿಲ್ಸ್, ಕರ್ಕ್‌ಡೇಲ್ ಎರಡರಿಂದಲೂ ಅರ್ಧ ಗಂಟೆಯಷ್ಟು ನಡೆಯಬೇಕು. ಊರಿನ ಕ್ವೀನ್ ಸ್ಕ್ವೇರ್ ಬಸ್ ನಿಲ್ದಾಣದಿಂದ 17ನೇ ನಂಬರ್ ಬಸ್ ಸುಲಭ, ಹತ್ತುವ ಮೊದಲು ಬೋರ್ಡ್ ನೋಡಿಕೊಳ್ಳಿ. ಮಳೆಗಿಂತ ಗಾಳಿ ಹೆಚ್ಚು ಕಾಡುತ್ತದೆ, ಎವರ್ಟನ್ ದಿಬ್ಬದ ಮೇಲೆ ಕೊಡೆ ನಿಲ್ಲದು. ಟೋಪಿಯಿರುವ ಜಾಕೆಟ್ ಹಾಕಿಕೊಳ್ಳಿ. ವಯಸ್ಸಾದವರು ಜೊತೆಗಿದ್ದರೆ ಲಾಕಪ್ ಗೋಪುರಕ್ಕೆ ಟ್ಯಾಕ್ಸಿಯಲ್ಲಿ ಹೋಗಿ ಅಲ್ಲಿಂದ ನಡೆಯಲು ಶುರುಮಾಡಿದರೆ ಏರು ತಪ್ಪುತ್ತದೆ. ಸಮಯ ಕಡಿಮೆಯಿದ್ದರೆ ಪ್ರಯರಿ ರೋಡನ್ನೂ ಬ್ರೆಕ್‌ಫೀಲ್ಡ್ ರೋಡನ್ನೂ ಬಿಡಬಹುದು, ಅಲ್ಲಿ ಹಳೆಯದೇನೂ ಉಳಿದಿಲ್ಲ. ಸ್ಯಾಂಡನ್ ಮತ್ತು ಸ್ಟ್ಯಾನ್ಲಿ ಪಾರ್ಕ್ ಬಿಡಬೇಡಿ. ಮ್ಯೂಸಿಯಂಗೆ ಮಾತ್ರ ಹೋಗುವ ಅಗ್ಗದ ಟಿಕೆಟ್ ಆ ದಿನ ಮಾರಾಟಕ್ಕಿದ್ದರೂ ಇತಿಹಾಸದ ಆಸಕ್ತಿಯವರಿಗೆ ಪೂರ್ಣ ಟೂರ್ ಮೇಲು, ಏಕೆಂದರೆ ಕಾಪ್ ಮೇಲಿಂದ ಮೈದಾನವನ್ನೂ ಮೇನ್ ಸ್ಟ್ಯಾಂಡಿನ ತುದಿಯಿಂದ ಇಡೀ ಬಡಾವಣೆಯನ್ನೂ ನೋಡುವ ಅವಕಾಶ ಅದರಲ್ಲಷ್ಟೇ ಇದೆ.